ತವರಿನ ಕರಿ ಬೋಗಾಣಿ

ಎಂಬತ್ತಾರನೇ ಇಸವಿಯ ನಾಗರ ಪಂಚಮಿ ಮುಗಿಸಿ ಗಂಗಾವತಿಯ ತವರಿನಿಂದ ಕುಷ್ಟಗಿಗೆ ಬಂದೆ. ಕೈಯಲ್ಲಿ ಕರಿ ಬೋಗಾಣಿ, ಅದರ ತುಂಬ ಹಬ್ಬದ ಎಳ್ಳು, ಶೇಂಗಾ ಉಂಡಿ. ನನ್ನ ಅತ್ತೆ ಶಿವಬಸಮ್ಮ ಉಂಡಿಯ ಕಡೆ ನೋಡಲೇ ಇಲ್ಲ. ಪಾತ್ರೆಯನ್ನೇ ತಿರುಗಿಸಿ ತಿರುಗಿಸಿ ನೋಡಿದರು.

“ಕಳಕಮ್ಮ, ನಿನ್ನ ತವರಿನ್ಯಾಗ ಸುಟ್ಟ ಪಾತ್ರಿ ತಿಕ್ಕಾಕ ಬೂದಿ ಇಲ್ಲೇನು?”

“ಅದು ಮಸಿ ಅಲ್ರಿ ಅತ್ಯಾರ. ಅಲ್ಯೂಮಿನಿಯಂ ಐತ್ರಿ. ನಮ್ಮಣ್ಣ ಬಾಲಪ್ಪ ಹುಬ್ಬಳ್ಳಿ ಕಾರ್ಖಾನ್ಯಾಗ ಮಷಿನ್ ಸಾಮಾನಿಗೆ ಮಾಡಿದಂಗ ಇದಕ್ಕೂ ಮಾಡ್ಯಾನ. ತಣ್ಣನ ಆ್ಯಸಿಡ್‌ನ್ಯಾಗ ಇಳಿಬಿಟ್ಟು ಕರೆಂಟ್ ಕೊಡ್ತಾರಂತ. ಅದರ ಮೈಯೇ ಕಲ್ಲಿನಂಗ ಗಟ್ಟಿ ಆಗತೈತಿ.”

“ಕರೆಂಟ್ ಕೊಟ್ಟರ ಬಲ್ಬು ಹತ್ತತೈತಿ, ಬೋಗಾಣಿ ಕರ್ರಗ ಆಗತೈತೇನು? ತಿಕ್ಕಿ ತೋರಸ್ತೀನಿ. ಬೆಳ್ಳಗಾತಂದ್ರ, ಹಳೇ ಪಾತ್ರಿ ದಾಟಿಸ್ಯಾರಂತ ಓಣಿಗೆಲ್ಲ ಹೇಳಿ, ನಾಳಿ ಬಸ್ಸಿಗೆ ವಾಪಸ್ ಕಳಸ್ತೀನಿ.”

ನನ್ನ ಮೈಯೆಲ್ಲ ಉರಿಯಿತು. ನನ್ನನ್ನು ಏನಾದರೂ ಅನ್ನಲಿ, ಅಣ್ಣನ ಮರ್ಯಾದೆ ಕಳೆದರೆ ನಾನು ಸುಮ್ಮನಿರುವವಳಲ್ಲ. “ತಿಕ್ಕರಿ,” ಎಂದು ಉಂಡಿಯನ್ನು ಬುಟ್ಟಿಗೆ ಸುರಿದು ನಾನೇ ಬೂದಿ ತಂದಿಟ್ಟೆ.

ತಿಕ್ಕುವುದರಲ್ಲಿ ಅತ್ತೆಯನ್ನು ಮೀರಿಸುವವರು ಊರಲ್ಲೇ ಇಲ್ಲ. ಅವರ ಕೈಗೆ ಸಿಕ್ಕ ಪಾತ್ರೆ ವರ್ಷದೊಳಗೆ ತೆಳ್ಳಗಾಗುತ್ತಿತ್ತು. ಬೂದಿ ಆಯಿತು, ಹುಣಸೆಹಣ್ಣು ಆಯಿತು, ಇಟ್ಟಂಗಿ ಪುಡಿಯೂ ಆಯಿತು. ಬೋಗಾಣಿ ಮಾತ್ರ ಮೈ ತೊಳೆದ ಎಮ್ಮೆಯ ಹಾಗೆ ಇನ್ನಷ್ಟು ಕರ್ರಗೆ ಹೊಳೆಯಿತು.

“ಬೂದಿ ಛಲೋ ಇಲ್ಲ,” ಎಂದರು ಅತ್ತೆ.

ಪಕ್ಕದ ಮನೆಯ ಗೌಸಬೀ ಉಂಡಿ ಮೆಲ್ಲುತ್ತಲೇ, “ಕುಣಿಯಾಕ ಬರದಾಕಿ ಅಂಗಳ ಡೊಂಕು ಅಂದ್ಲಂತ. ಸರೀರಿ ಅಕ್ಕಾರ,” ಎಂದು ತಾನೇ ಕೂತಳು. ಎದುರು ಮನೆಯ ದುರಗಮ್ಮನೂ ಸೀರೆ ಎತ್ತಿ ಸಿಕ್ಕಿಸಿದಳು. ಒಬ್ಬರ ಮೂಗಿನ ಬೂದಿ ನೋಡಿ ಇನ್ನೊಬ್ಬರು ನಕ್ಕರು, ನಗುವಾಗ ಕೈ ಜಾರಿ ಬೋಗಾಣಿ ಅಂಗಳದ ತುಂಬ ಉರುಳಾಡಿತು, ಮೂವರೂ ಅದರ ಹಿಂದೆ ಓಡಿದರು. ಸಿಟ್ಟು ಮಾಡಿಕೊಂಡು ನಿಂತ ನನಗೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತು.

ಅತ್ತೆ ಒಳಗಿಂದ ಕಳೆ ತೆಗೆಯುವ ಕುರ್ಪಿ ತಂದರು. ನನ್ನ ನಗು ಅಲ್ಲೇ ನಿಂತಿತು. ಅವರು ಒತ್ತಿ ಗೀರಿದರು, ತಳದ ಮೇಲೆ ಹೊಳೆಯುವ ಗೆರೆ ಮೂಡಿತು.

“ಬಂತು ನೋಡು ಬಣ್ಣ,” ಎಂದರು.

ದುರಗಮ್ಮ ಗೆರೆಗೆ ಬೂದಿ ಹಚ್ಚಿ ಒರೆಸಿದಳು. ಗೆರೆ ಹೋಯಿತು. ಅದು ಕುರ್ಪಿಯಿಂದ ಸವೆದು ಹತ್ತಿದ ಕಬ್ಬಿಣ, ಬೋಗಾಣಿಗೆ ಏನೂ ಆಗಿರಲಿಲ್ಲ.

ಅತ್ತೆ ಕುರ್ಪಿಯ ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಬೋಗಾಣಿಯನ್ನು ತೊಳೆದು ಸೆರಗಿನಿಂದ ಒರೆಸಿದರು.

“ಕಳಕಮ್ಮ, ನಿಮ್ಮಣ್ಣಗ ಕಾಗದ ಬರಿ.”

“ಏನಂತ ಬರೀಲ್ರಿ?”

“ನಿನಗ ಬ್ಯಾರೆ ಮಾಡಿ ಕಳಸಂತ ಬರಿ. ಇದನ್ನ ನಾ ಕೊಡಂಗಿಲ್ಲ.”