ಒಳ್ಳೇ ಗಾಳಿ

"ನೀರು ಮೊದ್ಲು ಕಣ್ಲಾ, ನೀರು ಮೊದ್ಲು! ನಿಮ್ಮಪ್ಪನ ಮದ್ವೇಲಿ ಹೆಂಡ ಸುರಿದು ಆಮೇಲೆ ಪೀಪಾಯಿ ಹುಡುಕಿದ್ರೇನ್ಲಾ, ಕತ್ತೆ ಬಡ್ಡೀಮಗ್ನೆ?"

ಬೈದವನು ಮೇಸ್ತ್ರಿ ನೆಲು. ಬೈಸಿಕೊಂಡವನು ನನ್ನ ಗಂಡ ಗ್ರಿಗೋರೆ. ಖಾಲಿ ಟ್ಯಾಂಕಿಗೆ ಮೊದಲು ಕಳೆ ಔಷಧಿ ಸುರಿದು ಆಮೇಲೆ ನೀರು ಬಿಟ್ಟಿದ್ದ. ನೊರೆ ಉಕ್ಕಿ ಅವನ ಮೊಣಕೈವರೆಗೂ ಹತ್ತಿತ್ತು.

ಹಾಗೆ ನೋಡಿದರೆ ಅದು ನೆಲುವಿನ ಮಾತಲ್ಲ, ಅನುವಾದ. ಪಕ್ಕದಲ್ಲಿ ನಿಂತಿದ್ದ ಪ್ರೆಬೆನ್ ತನ್ನ ಭಾಷೆಯಲ್ಲಿ ಮೆತ್ತಗೆ ಹೇಳಿದ್ದು ಇಷ್ಟೇ: "ಮೊದಲು ಅರ್ಧ ಟ್ಯಾಂಕು ನೀರು ತುಂಬಿದರೆ ಚೆನ್ನಾಗಿರುತ್ತೆ, ಗ್ರಿಗೋರೆ." ಆರು ಬೇಸಿಗೆ ಈ ಡೇನರ ನಾಡಿನಲ್ಲಿ ಕಳೆದ ಮೇಲೆ ನನಗೆ ಅವರ ಮಾತು ಅಷ್ಟೋ ಇಷ್ಟೋ ತಿಳಿಯುತ್ತದೆ. ಡೇನರು ಬೈಯುವುದಿಲ್ಲ. ಬೈಯುವುದಕ್ಕೆ ನಮ್ಮ ರುಮೇನಿಯಾದಿಂದಲೇ ಒಬ್ಬನನ್ನು ತರಿಸಿಕೊಳ್ಳುತ್ತಾರೆ.

ಧಣಿ, ಒಡೆಯ ಅಂದರೆ ಪ್ರೆಬೆನ್‌ಗೆ ನೋವಾಗುತ್ತದೆ. ಹೆಸರು ಹಿಡಿದೇ ಕರೆಯಬೇಕು. ಮೂರು ಗುಡ್ಡದ ತುಂಬ ನಿಂತ ಕ್ರಿಸ್‌ಮಸ್ ಮರಗಳು ಅವನವು, ನಾವು ಮಲಗುವ ತಗಡಿನ ಕ್ಯಾರವಾನು ಅವನದು, ನಾವು ಯಾವಾಗ ಊರಿಗೆ ಹೋಗಬೇಕು ಅನ್ನುವುದೂ ಅವನದೇ. ಹೆಸರು ಮಾತ್ರ ನಮ್ಮೆಲ್ಲರದು. ಸಮಾನತೆ ಅಂದರೆ ಇದಕ್ಕಿಂತ ಇನ್ನೆಷ್ಟು ಬೇಕು?

ಔಷಧಿ ಕಲಸುವ, ಟ್ಯಾಂಕು ತೊಳೆಯುವ ಜಾಗವನ್ನು ಅವನು ದೇವರ ಮನೆಯ ಹಾಗೆ ಕಟ್ಟಿಸಿದ್ದ. ನಯವಾದ ಸಿಮೆಂಟು ನೆಲ. ಚೆಲ್ಲಿದ ಹನಿ ಜಾರಿ ಒಂದು ಗುಂಡಿಗೆ ಹೋಗುತ್ತದೆ. ಗುಂಡಿಯಲ್ಲಿ ಹುಲ್ಲು, ಮಣ್ಣು, ಕಣ್ಣಿಗೆ ಕಾಣದ ಜೀವಿಗಳು. ಅವು ವಿಷ ತಿಂದು ಅರಗಿಸುತ್ತವಂತೆ. ಮೊದಲ ದಿನವೇ ಪ್ರೆಬೆನ್ ಅವುಗಳ ಬಗ್ಗೆ ಕಣ್ಣರಳಿಸಿ ಹೇಳಿದ್ದ: ಅವಕ್ಕೆ ಬೆಚ್ಚಗಿರಬೇಕು, ಮೇಲೆ ಮಳೆ ಬೀಳಬಾರದು. ಅದಕ್ಕೇ ಗುಂಡಿಗೆ ಗಟ್ಟಿ ಚಾವಣಿ. ನಮ್ಮ ಕ್ಯಾರವಾನುಗಳ ಮಾಡು ಹನಿಯುವಾಗ ನನ್ನ ನಾದಿನಿ ಅಗ್ಲಾಯ ಪಾತ್ರೆ ಒಡ್ಡುತ್ತಾ ಅನ್ನುತ್ತಿದ್ದಳು, "ಅತ್ತಿಗೆ, ಮುಂದಿನ ಜನ್ಮದಾಗೆ ಪ್ರೆಬೆನ್ ಗುಂಡೀಲಿ ಹುಳ ಆಗಿ ಹುಟ್ಟಾನ ಕಣೆ."

ಔಷಧಿ ಹೊಡೆಯಲು ಸರ್ಕಾರದ ಪರವಾನಗಿ ಇರುವುದು ಪ್ರೆಬೆನ್‌ಗೆ. ಹೊಡೆಯುವವನು ಗ್ರಿಗೋರೆ. ರಕ್ಷಣೆಯ ಉಡುಪೂ ಪರವಾನಗಿಯ ಅಳತೆಯದೇ. ಪ್ರೆಬೆನ್ ಆರಡಿ ದಾಟಿದ ಆಳು, ನನ್ನ ಗಂಡ ಅದನ್ನು ತೊಟ್ಟರೆ ತೋಳು ನೆಲ ಗುಡಿಸುತ್ತದೆ. ಮುಖಕ್ಕೆ ಕಟ್ಟುವ ಮುಸುಕಿನ ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತೆಂದು ಒಮ್ಮೆ ಕೇಳಿದ್ದೆ. "ಮೂಗು ಬದಲಾಯಿಸ್ದಾಗ ಅದ್ನೂ ಬದಲಾಯಿಸಾನ, ಸಾಫ್ತಕ್ಕ" ಅಂದಿದ್ದ ನೆಲು.

ಇನ್ನು ಗಾಳಿ. ಪ್ರೆಬೆನ್ ಮನೆಯ ಮುಂದೆ ಬಿಳಿ ಕಂಬ, ಅದರ ತುದಿಗೆ ಕೆಂಪು ಬಿಳಿಯ ಉದ್ದನೆ ಪಟ್ಟಿ. ಬೆಳಿಗ್ಗೆ ಎದ್ದವನು ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತಾನೆ. ಪಟ್ಟಿ ಪಡುವಣಕ್ಕೆ ಹಾರಿದರೆ ಅವತ್ತು ಔಷಧಿ ಇಲ್ಲ. ಅತ್ತ ಇಂಗಾ ಅನ್ನುವವಳ ಸ್ಟ್ರಾಬೆರಿ ತೋಟವಿದೆ. ಅವಳು ವಿಷ ಮುಟ್ಟಿಸದೆ ಬೆಳೆಯುವವಳು, ಒಮ್ಮೆ ವಕೀಲನನ್ನೂ ಕರೆತಂದಿದ್ದಳು. ಪಟ್ಟಿ ಮೂಡಣಕ್ಕೆ ಹಾರಿದರೆ ಪ್ರೆಬೆನ್ ಮುಖ ಅರಳುತ್ತದೆ. "ಒಳ್ಳೇ ಗಾಳಿ!" ಅನ್ನುತ್ತಾನೆ.

ಮೂಡಣಕ್ಕಿರುವುದು ನಾವು. ಬೇಲಿ ಮರಗಳ ಪಕ್ಕದಲ್ಲಿ ಸಾಲಾಗಿ ಮೂರು ಕ್ಯಾರವಾನು: ಅಗ್ಲಾಯಳದು, ನಮ್ಮದು, ಪೋಲೆಂಡಿನ ಅಣ್ಣತಮ್ಮಂದಿರದು. ಇದು ಕಡಲ ಗಾಳಿಯ ನಾಡು, ವರ್ಷದಲ್ಲಿ ಹೆಚ್ಚಿನ ದಿನ ಒಳ್ಳೇ ಗಾಳಿಯೇ.

ಅಗ್ಲಾಯ ಬಸುರಿ. ಅದು ಗೊತ್ತಿದ್ದದ್ದು ನನಗೆ, ಅವಳಣ್ಣ ಗ್ರಿಗೋರೆಗೆ, ಇಟಲಿಯಲ್ಲಿ ಗಾರೆ ಕೆಲಸ ಮಾಡುವ ಅವಳ ಗಂಡನಿಗೆ. ಚಳಿಯ ನೆವದಲ್ಲಿ ಅಣ್ಣನ ಮಳೆಯಂಗಿ ತೊಟ್ಟು ಓಡಾಡುತ್ತಿದ್ದಳು. ಹೋದ ವರ್ಷ ಒಬ್ಬ ಹುಡುಗಿ ತಾನು ಬಸುರಿ ಅಂತ ಬಾಯಿಬಿಟ್ಟು ಹೇಳಿಕೊಂಡಿದ್ದಳು. ಪ್ರೆಬೆನ್ ಕಣ್ಣು ಒದ್ದೆಯಾಗಿತ್ತು. ಅವನ ಹೆಂಡತಿ ಬಿರ್ತೆ ಚಾಕೊಲೇಟ್ ಡಬ್ಬಿ ಕೊಟ್ಟಿದ್ದಳು. ಮಾರನೆಯ ದಿನ ಊರಿನ ಬಸ್ಸು. ಅಗ್ಲಾಯಳಿಗೆ ಊರಲ್ಲಿ ಇರುವುದು ಅತ್ತೆಯ ಅಡುಗೆಮನೆಯ ನೆಲ, ಅದೂ ಅತ್ತೆಯ ಮನಸ್ಸು ಚೆನ್ನಾಗಿದ್ದರೆ.

ಕ್ಯಾರವಾನಿನ ಹಿಂದೆ ಅಂಗೈಯಗಲ ಜಾಗದಲ್ಲಿ ಹುರುಳಿಕಾಯಿ, ಟೊಮೇಟೊ ಹಾಕಿದ್ದೆವು. ಮರಗಳ ನಡುವಿನ ಮುಳ್ಳುಕಳೆಗೆ ಔಷಧಿ ಬಿದ್ದ ವಾರದಲ್ಲೇ ಟೊಮೇಟೊ ಎಲೆಗಳು ನಾಯಿಬಾಲದ ಹಾಗೆ ಸುರುಳಿ ಸುತ್ತಿದವು. ಕಾಂಡ ಸೊಟ್ಟಗಾಗಿ ಮತ್ತೆ ನೆಲದ ಕಡೆಗೇ ಬಾಗಿತು. ಹುರುಳಿಕಾಯಿ ಗಿಡದ ಚಿಗುರು ಮುದುಕಿಯ ಮುಷ್ಟಿಯಂತೆ ಮುದುಡಿತ್ತು. ಅಗ್ಲಾಯ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

"ಅತ್ತಿಗೆ, ಬೇರು ಬಿಟ್ಟು ನಿಂತಿರಾ ಗಿಡಕ್ಕೇ ಹಿಂಗಾದ್ರೆ ಒಳಗಿರಾದಕ್ಕೆ ಏನಾಯ್ತದೆ?"

"ಏನೂ ಆಗಲ್ಲ ಸುಮ್ಕಿರು."

"ಏನೂ ಆಗಲ್ಲ ಅಂತ ನಿನ್ಗೆ ಯಾರ್ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಒಂದು ಗಿಡ ಕಿತ್ತುಕೊಂಡು ಪ್ರೆಬೆನ್ ಮನೆಗೆ ನಡೆದೆ.

ಅವನು ಹೊರಗಿನ ಜಗುಲಿಯಲ್ಲಿ ಕೂತಿದ್ದ. ನನಗೂ ಕುರ್ಚಿ ಎಳೆದ, ಕಾಫಿ ಬಗ್ಗಿಸಿದ, ದಾಲ್ಚಿನ್ನಿ ಬನ್ನಿನ ತಟ್ಟೆ ಮುಂದೆ ತಳ್ಳಿದ. ಅನುವಾದಕ್ಕೆ ಬಂದ ನೆಲು ನಿಂತೇ ಇದ್ದ. ನಾನು ಗಿಡವನ್ನು ಬನ್ನಿನ ಪಕ್ಕ ಇಟ್ಟೆ. ಪ್ರೆಬೆನ್ ಕನ್ನಡಕ ತೆಗೆದು ಒರೆಸಿ, ಸತ್ತವರ ಮುಖ ನೋಡುವ ಹಾಗೆ ನೋಡಿದ.

"ಪಾಪ. ಏನಾದರೂ ರೋಗ ಇರಬಹುದು."

"ರೋಗ ಅಲ್ಲ, ನಿಮ್ಮ ಔಷಧಿ."

"ಅದು ಸಾಧ್ಯವಿಲ್ಲ ಸಾಫ್ತ. ಔಷಧಿ ಚಿಮ್ಮಿಸುವ ನಮ್ಮ ನಾಜಲ್ ದೊಡ್ಡ ಹನಿಯದು. ದೊಡ್ಡ ಹನಿ ಗಾಳಿಯಲ್ಲಿ ತೇಲುವುದಿಲ್ಲ, ಇದ್ದಲ್ಲೇ ಬೀಳುತ್ತೆ."

"ತೇಲಲ್ಲ ಅಂದ್ರೆ ಇಂಗಾ ಕಡೀಕೆ ಗಾಳಿ ಬೀಸ್ದಾಗ ಯಾಕೆ ನಿಲ್ಲಿಸ್ತೀರಿ?"

ಪ್ರೆಬೆನ್‌ಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅವರು ನೆರೆಹೊರೆಯವರು, ಸಾಫ್ತ."

"ಹಳ್ಳದ ಪಕ್ಕ ಜಾಗ ಬಿಟ್ಟು ಹೊಡೀತೀರಿ. ಕಪ್ಪೆಗೂ ಒಂದು ಅಂತರ ಐತೆ. ನಮ್ಗೆಷ್ಟು?"

ಅವನು ಬೆರಳು ಜೋಡಿಸಿ, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ವಾಸದ ಮನೆಯಾದರೆ ಅಂತರ ಬಿಡಲೇಬೇಕು, ಅವನು ಒಂದು ಗೇಣೂ ಕಡಿಮೆ ಮಾಡುವವನಲ್ಲ. ಆದರೆ ಕ್ಯಾರವಾನು ಮನೆಯಲ್ಲ. ಅದಕ್ಕೆ ಗಾಲಿ ಇದೆ. ಗಾಲಿ ಇರುವುದು ವಾಹನ.

ನೆಲು ನನಗೆ ಅದನ್ನು ನಮ್ಮ ಮಾತಿನಲ್ಲಿ ಹೇಳಿದ: "ಗಾಲಿ ಇರಾದು ಮನೆ ಅಲ್ವಂತೆ. ನೀವು ಗಾಡೀಲಿ ಕುಂತಿರಾ ಪ್ರಯಾಣಿಕರಂತೆ. ಕಾಫಿ ಕುಡ್ಕಂಡು ಎದ್ದೇಳು, ಮುಂಡೇದೆ."

ಆರು ಬೇಸಿಗೆಯಿಂದ ಪ್ರಯಾಣದಲ್ಲಿದ್ದೇವೆ ಅನ್ನುವುದು ನನಗೆ ಅವತ್ತೇ ತಿಳಿದದ್ದು.

ಪ್ರೆಬೆನ್ ಏನೋ ನೆನಪಾದವನಂತೆ ಮುಂದೆ ಬಾಗಿದ. "ನಿಮ್ಮಲ್ಲಿ ಯಾರಾದರೂ ಗರ್ಭಿಣಿ ಇದ್ದಾರಾ? ಇದ್ದರೆ ದಯವಿಟ್ಟು ಹೇಳಿ. ಅಂಥ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಒಂದು ದಿನವೂ ಇಲ್ಲಿ ಇಟ್ಟುಕೊಳ್ಳೋಲ್ಲ."

ನೆಲು ಅನುವಾದ ಮಾಡಲಿಲ್ಲ. ನನ್ನ ಮುಖವನ್ನೇ ನೋಡಿದ.

"ಇಲ್ಲ" ಅಂದೆ. ಕಾಫಿ ಕುಡಿಯದೆ ಎದ್ದೆ. ಬನ್ನು ಮಾತ್ರ ತಗೊಂಡು ಜೇಬಿಗಿಟ್ಟೆ, ಅಗ್ಲಾಯಳಿಗೆ.

ಗ್ರಿಗೋರೆ ಎಲ್ಲ ಕೇಳಿಸಿಕೊಂಡು ಬೂಟಿನ ಮಣ್ಣು ಕೆರೆಯುತ್ತಾ ಕೂತಿದ್ದ. ನನಗೆ ರೇಗಿತು.

"ಏನಯ್ಯಾ, ನಿನ್ ಕೈಲೇ ಹೊಡೀತೀಯಾ ನಿನ್ ತಂಗಿ ಹೊಟ್ಟೆ ಮ್ಯಾಕೆ? ನಾಳೀಕೆ ಈ ಬೇಲಿ ಪಕ್ಕದ ತಾಕು ಅಂತಲ್ಲ?"

"ಹೊಡೀದೆ ಇದ್ರೆ ಇನ್ನೊಬ್ಬನ್ ಕೈಲಿ ಹೊಡೆಸ್ತಾನೆ."

"ಅಂಗಾರೆ ಹೊಡಿ. ಒಳ್ಳೇ ಗಾಳಿ ಬಂದಾಗ ಚೆನ್ನಾಗ್ ಹೊಡಿ."

ಅವನು ಎದ್ದು ಕ್ಯಾರವಾನಿನ ಸುತ್ತ ಒಂದು ಸುತ್ತು ಬಂದ. ಬಗ್ಗಿ ನೋಡಿ, ಗಾಲಿಯನ್ನು ಬೂಟಿನಿಂದ ಒದ್ದ. "ಗಾಳಿ ಐತೆ ಇದ್ರಾಗೆ" ಅಂದ. ಯಾಕೆ ಅಂದನೋ ನನಗೆ ಆಗ ಹೊಳೆಯಲಿಲ್ಲ.

ಮರುದಿನ ಪಟ್ಟಿ ಮೂಡಣಕ್ಕೆ ನೆಟ್ಟಗೆ ಹಾರುತ್ತಿತ್ತು. ಪ್ರೆಬೆನ್ ಇಸ್ತ್ರಿ ಅಂಗಿ ತೊಟ್ಟು ಪಟ್ಟಣಕ್ಕೆ ಹೊರಟಿದ್ದ. ಪರವಾನಗಿ ಉಳಿಸಿಕೊಳ್ಳಲು ಆಗಾಗ ಪಾಠಕ್ಕೆ ಹೋಗಿ ಕೂರಬೇಕು. ಅವತ್ತಿನ ಪಾಠ, ಔಷಧಿ ಗಾಳಿಗೆ ತೇಲಿ ಬೇರೆಯವರ ಮೇಲೆ ಬೀಳದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ. ಹೋಗುವ ಮುಂಚೆ ಗ್ರಿಗೋರೆಯ ಬೆನ್ನು ತಟ್ಟಿ, ಬೇಲಿ ಪಕ್ಕದ ತಾಕನ್ನು ಸಂಜೆಯೊಳಗೆ ಮುಗಿಸು ಅಂದ.

ಗ್ರಿಗೋರೆ ಅವತ್ತು ಔಷಧಿಯ ಕ್ಯಾನು ಮುಟ್ಟಲಿಲ್ಲ. ಟ್ಯಾಂಕಿಗೆ ಬರೀ ನೀರು ತುಂಬಿದ, ತಿರುಗಿಸಿದ, ಖಾಲಿ ಮಾಡಿದ. ಮತ್ತೆ ತುಂಬಿದ. ನಾಜಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಬ್ರಷ್ಷಿನಲ್ಲಿ ಉಜ್ಜಿದ. ಟ್ರಾಕ್ಟರಿನ ಗಾಲಿ, ಮಡ್‌ಗಾರ್ಡು, ಹೊಟ್ಟೆಯ ಅಡಿ, ಎಲ್ಲಕ್ಕೂ ಬಿಸಿನೀರು ಹೊಡೆದ. ತೊಳೆದ ನೀರು ಒಂದು ಹನಿಯೂ ಚೆಲ್ಲದೆ ಗುಂಡಿಯ ಜೀವಿಗಳಿಗೆ ಹೋಯಿತು. ಆ ಸಿಮೆಂಟು ನೆಲದ ಮೇಲೆ ಅಷ್ಟು ನಿಯಮವಾಗಿ ಯಾರೂ ಯಾವತ್ತೂ ತೊಳೆದಿರಲಾರರು. ನೆಲು ದೂರದಿಂದಲೇ ಹೊಗಳಿದ, "ಈಗ್ ಬಂತಲ್ಲಾ ಬುದ್ಧಿ, ಕತ್ತೇಗೆ!"

ಗ್ರಿಗೋರೆ ಔಷಧಿ ಟ್ಯಾಂಕನ್ನು ಕಳಚಿಟ್ಟು ಟ್ರಾಕ್ಟರನ್ನು ನಮ್ಮ ಕಡೆ ತಿರುಗಿಸಿದ. ಹಿಮ್ಮುಖವಾಗಿ ಬಂದು ಅಗ್ಲಾಯಳ ಕ್ಯಾರವಾನಿಗೆ ಕೊಂಡಿ ಹಾಕಿದ.

"ಒಳಗಿನ ಪಾತ್ರೆ ಗಟ್ಟಿಯಾಗಿ ಹಿಡ್ಕ" ಅಂದ ನನಗೆ.

ನೆಲು ಓಡಿ ಬಂದಾಗ ನಾವು ಅರ್ಧ ದಾರಿ ದಾಟಿದ್ದೆವು. "ಎಲ್ಲಿಗ್ಲಾ? ಲೋ, ಎಲ್ಲಿಗ್ಲಾ ಬೋಳಿಮಗ್ನೆ? ಪೋಲೀಸಿಗೆ ಫೋನ್ ಮಾಡ್ತೀನಿ ಕಣೋ!"

"ಮಾಡು," ಅಂದೆ ನಾನು ಕ್ಯಾರವಾನಿನ ಬಾಗಿಲಿಂದ. "ವಾಹನ ರಸ್ತೇಲಿ ಹೋಯ್ತಾ ಐತೆ ಅಂತ ಹೇಳು."

ಪ್ರೆಬೆನ್ ಮನೆಯ ಮುಂದಿನ ಹುಲ್ಲುಹಾಸು ನಮ್ಮೂರ ಚರ್ಚಿನ ಅಂಗಳಕ್ಕಿಂತ ದೊಡ್ಡದು. ಒಳ್ಳೇ ಗಾಳಿ ಅಲ್ಲಿಂದಲೇ ಹೊರಡುತ್ತದೆ. ಎಷ್ಟು ಔಷಧಿ ಹೊಡೆದರೂ ಹಿಂದಕ್ಕೆ ಬಂದು ಬೀಳದ ಜಾಗ ಈ ಸೀಮೆಯಲ್ಲಿ ಅದೊಂದೇ. ಗ್ರಿಗೋರೆ ಅಗ್ಲಾಯಳ ಕ್ಯಾರವಾನನ್ನು ನಡುಮಧ್ಯೆ ನಿಲ್ಲಿಸಿ ನಮ್ಮದನ್ನು ತರಲು ಹೋದ. ಮೂರನೆಯದರಲ್ಲಿದ್ದ ಪೋಲೆಂಡಿನ ಅಣ್ಣತಮ್ಮಂದಿರು ಏನು ಎತ್ತ ಎಂದು ಕೇಳದೆ ತಾವೇ ಕೊಂಡಿ ಎತ್ತಿ ಹಿಡಿದು ಕಾಯುತ್ತಿದ್ದರಂತೆ.

ಬಿರ್ತೆ ಹೊರಗೆ ಬಂದಳು. ಕೈಯಲ್ಲಿ ಹೂವಿನ ಗಿಡ ಕತ್ತರಿಸುವ ಕತ್ತರಿ. ಏನಾದರೂ ತಪ್ಪಾಗಿದೆಯಾ ಅಂತ ನಗುಮುಖದಿಂದಲೇ ಕೇಳಿದಳು. ನನ್ನ ಬಾಯಲ್ಲಿ ಒಂದು ಸುಳ್ಳು ತಯಾರಾಗುತ್ತಿತ್ತು. ಅಷ್ಟರಲ್ಲಿ ಅಗ್ಲಾಯ ಮೆಟ್ಟಿಲಿಳಿದು ಬಂದು ಅಣ್ಣನ ಮಳೆಯಂಗಿಯ ಜಿಪ್ಪು ಕೆಳಗಿನವರೆಗೂ ಎಳೆದಳು.

"ನೋಡವ್ವ. ಇದೇ ತಪ್ಪು."

ಬಿರ್ತೆಯ ಬಾಯಿಂದ ಮೊದಲು ಬಂದದ್ದು "ಅಭಿನಂದನೆ!" ಅಭ್ಯಾಸಬಲ. ಆಮೇಲೆ ಗಂಡನಿಗೆ ಫೋನು ಮಾಡಲು ಒಳಗೆ ಹೋದಳು.

"ಮುಗೀತು ಕಣೇ ಅಗ್ಲಾಯ," ಅಂದ ನೆಲು. ಮೊದಲ ಸಲ ಅವನ ದನಿಯಲ್ಲಿ ಬೈಗುಳವಿರಲಿಲ್ಲ. "ನಾಳೀಕೆ ನಿನ್ನ ಬಸ್ಸು ಹತ್ತಿಸ್ತಾರೆ."

"ಹತ್ತಿಸ್ಲಿ. ಹತ್ತೋವರ‍್ಗೂ ಇಲ್ಲಿ ಉಸಿರಾಡ್ತೀನಿ."

ಗ್ರಿಗೋರೆ ಯಾರ ಮಾತೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕಡಿದ ಕ್ರಿಸ್‌ಮಸ್ ಮರಗಳ ದಪ್ಪ ಬುಡಗಳನ್ನು ಉರುಳಿಸಿಕೊಂಡು ಬಂದ. ಜಾಕು ಕೊಟ್ಟು ಕ್ಯಾರವಾನು ಎತ್ತಿದ, ಅಡಿಯಲ್ಲಿ ಬುಡ ಇಟ್ಟ, ಗಾಲಿಯ ನಟ್ಟು ಸಡಿಲಿಸಿದ. ಒಂದು ಬದಿಯ ಗಾಲಿ ಬಂತು. ಇನ್ನೊಂದು ಬದಿಯದೂ ಬಂತು. ಮೂರು ಕ್ಯಾರವಾನಿಗೂ ಹಾಗೇ ಮಾಡಿ, ಗಾಲಿಗಳನ್ನು ಒಂದರ ಮೇಲೊಂದು ಪ್ರೆಬೆನ್ ಜಗುಲಿಯ ಮೇಲೆ, ಕಾಫಿ ಮೇಜಿನ ಪಕ್ಕದಲ್ಲಿ ನೀಟಾಗಿ ಜೋಡಿಸಿದ. ಬೆವರು ಒರೆಸಿಕೊಂಡು ನೆಲುವಿಗೆ ಹೇಳಿದ, "ಈಗ ಮನೆ ಆಯ್ತು. ಇದನ್ನ ಅನುವಾದ ಮಾಡ್ಲಾ, ಒಂದಕ್ಷರ ತಪ್ಪಿಸ್ಬ್ಯಾಡ."

ದೇವರ ಮಗು ಹುಟ್ಟಿದ ಹಬ್ಬಕ್ಕೆ ಮರ ಬೆಳೆಯುವ ತೋಟ ಇದು. ಛತ್ರದಲ್ಲಿ ಜಾಗ ಸಿಗದ ಬಸುರಿಯ ಕತೆಯನ್ನು ಬಿರ್ತೆ ಪ್ರತಿ ಚಳಿಗಾಲದಲ್ಲೂ ಮರ ಕೊಳ್ಳಲು ಬಂದ ಮಕ್ಕಳಿಗೆ ಹೇಳುತ್ತಾಳೆ. ಕಿಟಕಿ ಪರದೆಯ ಹಿಂದೆ ಅವಳು ನಿಂತಿದ್ದು ಕಾಣುತ್ತಿತ್ತು.

ಪ್ರೆಬೆನ್ ಕಾರು ಬಂತು. ಕತ್ತಿನಲ್ಲಿ ಇನ್ನೂ ಪಾಠದಲ್ಲಿ ಕೊಟ್ಟ ಹೆಸರಿನ ಬಿಲ್ಲೆ ನೇತಾಡುತ್ತಿತ್ತು. ಅವನು ಕೂಗಾಡಲಿಲ್ಲ. ಕ್ಯಾರವಾನುಗಳನ್ನು ನೋಡಿದ, ಜಗುಲಿಯ ಮೇಲಿನ ಗಾಲಿಗಳನ್ನು ನೋಡಿದ. ಅಗ್ಲಾಯ ಮೆಟ್ಟಿಲ ಮೇಲೆ ಕಾಲು ಅಗಲಿಸಿ ಕೂತಿದ್ದಳು, ಅಂಗಿ ತೆರೆದೇ ಇತ್ತು. ಗ್ರಿಗೋರೆ ಸ್ಪ್ಯಾನರು ಹಿಡಿದು ಅವಳ ಪಕ್ಕ. ನೆಲು ಮಧ್ಯದಲ್ಲಿ, ಯಾವ ಭಾಷೆ ಆಡಬೇಕೋ ತಿಳಿಯದೆ.

ಅಷ್ಟರಲ್ಲಿ ಮನೆಯ ಮೂಲೆಯಿಂದ, ತಾನೇ ಓಡಾಡಿ ಹುಲ್ಲು ಕತ್ತರಿಸುವ ಆಮೆಯಂಥ ಯಂತ್ರ ತನ್ನ ಹೊತ್ತಿಗೆ ಸರಿಯಾಗಿ ಗುಂಯ್‌ಗುಡುತ್ತಾ ಹೊರಟಿತು. ನೆಟ್ಟಗೆ ಬಂದು ಕ್ಯಾರವಾನಿನ ಅಡಿಯ ಮರದ ಬುಡಕ್ಕೆ ಗುದ್ದಿತು. ಹಿಂದೆ ಸರಿಯಿತು. ಮತ್ತೆ ಬಂದು ಗುದ್ದಿತು.

"ಅಯ್ಯೋ" ಅಂದ ಪ್ರೆಬೆನ್.

ಓಡಿಬಂದು, ಅಗ್ಲಾಯಳ ಕಾಲ ಬಳಿಯೇ ಮಂಡಿಯೂರಿ, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ತೊಡೆಯ ಮೇಲೆ ಅಂಗಾತ ಮಲಗಿಸಿ ಹೊಟ್ಟೆಗೆ ಅಂಟಿದ ಹುಲ್ಲು ಬಿಡಿಸಿದ. ಎಲ್ಲಾದರೂ ಪೆಟ್ಟಾಗಿದೆಯಾ ಎಂದು ಅಂಗೈಯಿಂದ ಮೆಲ್ಲಗೆ, ಬಹಳ ಮೆಲ್ಲಗೆ, ಸವರಿ ನೋಡತೊಡಗಿದ.