‘ಇಲ್ಲ’ ಎನ್ನುವ ತಾಲೀಮು

ಸಸ್ಯ ಸಂರಕ್ಷಣಾ ಇಲಾಖೆಯ ನಿರ್ದೇಶಕರಿಗೆ ಜನ್ಮದಲ್ಲಿ ಬಾರದ ಮಾತೆಂದರೆ ‘ಇಲ್ಲ’. ರಜೆ ಕೇಳಿದವರಿಗೆ ರಜೆ, ವರ್ಗ ಕೇಳಿದವರಿಗೆ ವರ್ಗ, ಅದೇ ಜಾಗ ಕೇಳಿದ ಇನ್ನೊಬ್ಬನಿಗೂ ಅದೇ ಜಾಗ. ಮನುಷ್ಯ ಬೆಣ್ಣೆ. ಬೆಣ್ಣೆಯನ್ನು ಬಿಸಿಲಿಗೆ ಕಳಿಸಿದರೆ ಏನಾಗುತ್ತದೋ ಹೋದ ವರ್ಷ ಹೊರದೇಶದ ಒಂದು ಸಭೆಯಲ್ಲಿ ಅದೇ ಆಗಿತ್ತು. ಗಿಡಗಳು ದೇಶದಿಂದ ದೇಶಕ್ಕೆ ಹೋಗುವಾಗ ಅವುಗಳ ಜೊತೆ ಹುಳುವೂ ರೋಗವೂ ಹೋಗದಂತೆ ಎಲ್ಲ ದೇಶದವರೂ ಕೂತು ನಿಯಮ ಮಾಡುವ ಸಭೆ ಅದು. ಅಲ್ಲಿ ಈ ಕಡೆಯವರು ಬೇಕು ಅಂದಾಗ ‘ಒಪ್ಪಿದೆ’ ಅಂದು, ಆ ಕಡೆಯವರು ಬೇಡ ಅಂದಾಗಲೂ ‘ಒಪ್ಪಿದೆ’ ಅಂದು, ಇಬ್ಬರ ಕೈಯನ್ನೂ ಕುಲುಕಿ ನಗುನಗುತ್ತಾ ಬಂದಿದ್ದರು.

ಅದಕ್ಕೇ ಈ ಸಲ ಅವರನ್ನು ತಾಲೀಮಕ್ಕನ ಕೈಗೆ ಒಪ್ಪಿಸಿದರು. ಸಭೆಗೆ ಹೋಗುವ ನಿಯೋಗವನ್ನು ತಯಾರು ಮಾಡುವುದೇ ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಈ ಸಲ ಅವಳಿಗೆ ಒಂದು ಕೈ ಹೆಚ್ಚೇ ಚಿಂತೆ. ಅವಳ ತಂಗಿ ಗಾಜಿನಮನೆ ಕಟ್ಟಿ, ಮಣ್ಣಿನ ಬದಲು ಶುದ್ಧ ಮಾಡಿದ ತೆಂಗಿನ ನಾರಿನ ಪುಡಿಯಲ್ಲಿ ಹೂವಿನ ಸಸಿ ಬೆಳೆದು ಹೊರದೇಶಕ್ಕೆ ಕಳಿಸುವವಳು. ಈ ಸಲದ ಸಭೆಯ ಮುಂದೆ ಬರುವ ನಿಯಮಗಳ ಕರಡಿನಲ್ಲಿ ಒಂದು ಸಾಲು ನುಸುಳಿತ್ತು: ಗಡಿ ದಾಟುವ ಸಸಿಯ ಬೇರನ್ನು ಪೂರ್ತಿ ತೊಳೆದು ಬರಿದು ಮಾಡಿರಬೇಕು.

“ತೊಳೆದ್ರೆ ಆ ಕಡೆ ತಲುಪೋದು ಸಸಿ ಅಲ್ಲ ಕಣೇ ಅಕ್ಕಾ, ಸೌದೆ,” ಅಂದಿದ್ದಳು ತಂಗಿ. “ಆ ಸಾಲು ಉಳೀತು ಅಂದ್ರೆ ನಾನು ಗಾಜಿನಮನೇಲಿ ಬಟ್ಟೆ ಒಣಹಾಕಬೇಕು, ಅಷ್ಟೇ.”

ಆ ಸಾಲು ಬೇಡವೆಂಬುದೇ ದೇಶದ ನಿಲುವೂ ಆಗಿತ್ತು. ಆ ಸಾಲು ಬೇಕೆಂದು ಹಟ ಹಿಡಿದಿದ್ದುದು ಎದುರುಸಾಲಿನಲ್ಲಿ ಕೂರುವ ಒಂದು ದೇಶ.

ಹಳೆಯ ಕಡತಗಳ ಕೋಣೆಯಲ್ಲಿ ತಾಲೀಮು ಶುರುವಾಯಿತು. ರಟ್ಟಿನಲ್ಲಿ ದೇಶದ ಹೆಸರಿನ ಫಲಕ. ಮಾತಾಡಬೇಕೆಂದರೆ ಅದನ್ನು ನೆಟ್ಟಗೆ ನಿಲ್ಲಿಸಬೇಕು. ಇಲಾಖೆಯ ಕೀಟಶಾಸ್ತ್ರದ ಡಾಕ್ಟರು ಅಧ್ಯಕ್ಷರ ಪಾತ್ರದಲ್ಲಿ; ಅವರ ಕೈಯಲ್ಲಿ ಸುತ್ತಿಗೆಯ ಬದಲು ಕಾಗದದ ಮೇಲಿಡುವ ಗುಂಡುಕಲ್ಲು. ಎದುರುಸಾಲಿನ ದೇಶ ಸ್ವತಃ ತಾಲೀಮಕ್ಕ. ನಿರ್ದೇಶಕರನ್ನು ಕರಗಿಸುವುದು ಸಿಹಿಮಾತು ಎಂದು ಬಲ್ಲ ಅವಳು ಸಕ್ಕರೆ ಪಾಕವನ್ನೇ ಸುರಿದಳು.

“ಸಾರ್, ತಮ್ಮಂಥ ಅನುಭವಸ್ಥರು ಇರುವಾಗ ನಮಗೇತಕ್ಕೆ ಜಗಳ?”

“ಅಯ್ಯೋ, ಹೌದಲ್ವಾ! ಆಗ್ಲಿ ಬಿಡಿ—”

ಗುಂಡುಕಲ್ಲು ಧಡ್ ಎಂದಿತು. “ಹೋಯ್ತು ಸಾರ್, ನಿಮ್ಮ ದೇಶ ಹೋಯ್ತು,” ಅಂದರು ಡಾಕ್ಟರು.

“ಅವರು ಎಷ್ಟು ಸಿಹಿಯಾಗಿ ಮಾತಾಡ್ತಾರೋ ಅಷ್ಟು ಅನುಮಾನ ಪಡಿ ಸಾರ್. ತಲೆ ಎತ್ತಲೇಬೇಡಿ. ‘ಸಾಧ್ಯವಿಲ್ಲ, ನಾವು ಒಪ್ಪುವುದಿಲ್ಲ.’ ಹೇಳಿ,” ಅಂದಳು ತಾಲೀಮಕ್ಕ.

“ಸಾಧ್ಯ... ಸ್ವಲ್ಪ ಕಷ್ಟ,” ಅಂದರು ನಿರ್ದೇಶಕರು, ಬೆವರೊರೆಸಿಕೊಳ್ಳುತ್ತಾ.

ಆದರೂ ನೀರು ಬಿದ್ದೂ ಬಿದ್ದೂ ಕಲ್ಲು ಸವೆಯುತ್ತದಂತೆ; ಇಲ್ಲಿ ಬೆಣ್ಣೆಯೇ ಕಲ್ಲಾಯಿತು. ಕೊನೆಕೊನೆಗೆ ಚಹಾ ಬೇಕೇ ಅಂದರೂ “ಸಾಧ್ಯವಿಲ್ಲ” ಅನ್ನುವ ಮಟ್ಟಕ್ಕೆ ಬಂದರು. ತಾಲೀಮಕ್ಕನಿಗೆ ಹೆತ್ತಷ್ಟು ಹೆಮ್ಮೆ.

ಸಭೆಯ ದಿನ ಅಕ್ಕತಂಗಿಯರಿಬ್ಬರೂ ಕಚೇರಿಯ ಕಂಪ್ಯೂಟರಿನ ಮುಂದೆ ಕೂತರು. ಸಭೆ ನೇರವಾಗಿ ಬರುತ್ತಿತ್ತು. ಬೇರಿನ ಸಾಲು ಬಂತು. ಎದುರುಸಾಲಿನ ದೇಶದ ಹೆಂಗಸು ಎದ್ದು ನಕ್ಕಳು. “ನಾವು ಮತ್ತೆ ಯೋಚಿಸಿದೆವು. ಗೆಳೆಯರ ದೇಶ ಹೇಳುವುದೇ ಸರಿ. ಆ ಸಾಲು ಬೇಡ, ತೆಗೆದುಬಿಡೋಣ.”

ತಂಗಿ ಕುರ್ಚಿಯಿಂದ ಹಾರಿದಳು. “ಗೆದ್ವಿ ಕಣೇ!”

ಅಷ್ಟರಲ್ಲಿ ತೆರೆಯ ಮೂಲೆಯಲ್ಲಿ ಒಂದು ಫಲಕ ನೆಟ್ಟಗಾಯಿತು.

“ಬೇಡ ಸಾರ್,” ಅಂದಳು ತಾಲೀಮಕ್ಕ, ತೆರೆಗೆ.

“ಸಾಧ್ಯವಿಲ್ಲ,” ಅಂದರು ನಿರ್ದೇಶಕರು, ತಲೆ ಎತ್ತದೆ. “ಈಗ ಮಾತಾಡಿದವರ ಮಾತನ್ನು ನಾವು ಒಪ್ಪುವುದಿಲ್ಲ.”

ಸಭೆಯ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. “ಹಾಗಾದರೆ ಆ ಸಾಲು ಇರಲಿ ಎನ್ನುತ್ತೀರಾ?”

“ನಮ್ಮ ನಿಲುವು ಬದಲಾಗದು!”

ಸಭೆ ಮುಖಮುಖ ನೋಡಿಕೊಂಡಿತು. ಊಟ ಮುಗಿಸಿ ತೀರ್ಮಾನಿಸೋಣ ಎಂದರು ಅಧ್ಯಕ್ಷರು.

ತಾಲೀಮಕ್ಕ ಫೋನ್ ಹಚ್ಚಿದಳು. ಆ ಕಡೆ ನಿರ್ದೇಶಕರ ದನಿ ಕುಣಿಯುತ್ತಿತ್ತು. “ನೋಡಿದ್ರಾ ಮೇಡಂ? ಎಷ್ಟು ಸಿಹಿಯಾಗಿ ಬಂದ್ಲು! ಜಗ್ಗಲಿಲ್ಲ ನಾನು.”

“ತುಂಬಾ ಚೆನ್ನಾಗಿತ್ತು ಸಾರ್. ದಯವಿಟ್ಟು ಇನ್ನೊಂದೇ ಸಲ ಎದ್ದು, ‘ಒಪ್ಪಿದೆ’ ಅಂತ ಹೇಳಿಬಿಡಿ ಸಾರ್.”

ಆ ಕಡೆಯಿಂದ ಗಹಗಹಿಸಿ ನಗು. “ಪರೀಕ್ಷೆ ಮಾಡ್ತಿದ್ದೀರಾ! ನಿಮ್ಮ ಶಿಷ್ಯ ಅಲ್ವಾ ನಾನು? ಸಾಧ್ಯವಿಲ್ಲ!”

ಅವಳು ಅಂಗಲಾಚಿದಳು. ಅಂಗಲಾಚಿದಷ್ಟೂ ಅವರ ಅನುಮಾನ ಬಲಿಯಿತು. ಕೊನೆಗೆ ತಂಗಿ ಫೋನ್ ಕಿತ್ತುಕೊಂಡಳು.

“ರೀ, ನಿಮಗೆ ತಲೆ ಇದೆಯೇನ್ರೀ? ನಮ್ಮ ಮಾತನ್ನೇ ಅವಳು ಆಡಿದ್ರೆ ಅದನ್ನೂ ಬೇಡ ಅಂತೀರಲ್ಲ! ನಾನು ಸಸಿ ಸಾಕಿದೋಳು. ನನ್ನ ಗಾಜಿನಮನೆಗೆ ನೀವೇ ಕಲ್ಲು ಹೊಡೀತಿದ್ದೀರಿ. ಈಗ ಹೋಗಿ, ಫಲಕ ಎತ್ತಿ, ಒಪ್ಪಿದೆ ಅನ್ನಿ. ಇಲ್ದಿದ್ರೆ ಸತ್ತ ಸಸಿಗಳನ್ನೆಲ್ಲ ತಂದು ನಿಮ್ಮ ಮೇಜಿನ ಮೇಲೆ ಸುರೀತೀನಿ!”

ಸಿಹಿಮಾತಿಗೆ ತಾಲೀಮಾಗಿತ್ತು, ಬೈಗುಳಕ್ಕೆ ಆಗಿರಲಿಲ್ಲ.

“ಆಗ್ಲಿ ತಾಯಿ,” ಅಂದಿತು ಆ ಕಡೆಯ ಹಳೆಯ ದನಿ. “ಬೈಬೇಡಿ, ಆಗ್ಲಿ.”

ಊಟದ ನಂತರ ಫಲಕ ಎದ್ದಿತು. “ಒಪ್ಪಿದೆ.” ಸುತ್ತಿಗೆ ಬಿತ್ತು, ಸಾಲು ಹೋಯಿತು. ತಂಗಿ ಅಕ್ಕನ ಕುತ್ತಿಗೆಗೆ ಜೋತುಬಿದ್ದು ಅತ್ತಳು.

ಒಮ್ಮೆ ಕಟ್ಟೆಯೊಡೆದ ಮೇಲೆ ನೀರನ್ನು ಹಿಡಿಯುವವರು ಯಾರು? ಅಧ್ಯಕ್ಷರು ಮುಂದಿನ ವಿಷಯಕ್ಕೆ ಬಂದಿದ್ದರು: ಬರುವ ವರ್ಷದ ಸಭೆಯನ್ನು ತನ್ನ ಖರ್ಚಿನಲ್ಲಿ ನಡೆಸುವ ದೇಶ ಯಾವುದು? ಎಲ್ಲರೂ ನೆಲ ನೋಡಿದರು. ಎದುರುಸಾಲಿನ ಹೆಂಗಸು ನಿರ್ದೇಶಕರ ಕಡೆ ತಿರುಗಿ, ತುಂಬಾ ಸಿಹಿಯಾಗಿ ನಕ್ಕಳು.

ಫಲಕ ನೆಟ್ಟಗಾಯಿತು.

“ಆಗ್ಲಿ,” ಅಂದರು ನಿರ್ದೇಶಕರು.

ತಾಲೀಮಕ್ಕ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ತಂಗಿ ಕಣ್ಣೊರೆಸಿಕೊಂಡು, ಕಂಪ್ಯೂಟರ್ ಆರಿಸಿದಳು. “ಏಳು ಅಕ್ಕಾ. ಅಷ್ಟು ದೇಶದವರು ಮನೆಗೆ ಬರ್ತಾರಂತೆ. ಸಭೆಯ ಅಲಂಕಾರಕ್ಕೆ ಇಲಾಖೆಯೋರು ಹೂವಿನ ಸಸಿ ಯಾರ ಹತ್ರ ತಗೋತಾರೆ, ಅದನ್ನ ಕೇಳು ಮೊದಲು.”