ಬಸ್ಸಿಗೆ ಹಿಡಿದ ಮಟ್ಟ

ಆ ಬಡಗಿಗೆ ಗುಳ್ಳೆ ಮೇಸ್ತ್ರಿ ಎಂಬ ಹೆಸರು ಬಿದ್ದು ಮೂವತ್ತು ವರ್ಷವಾಗಿತ್ತು. ಕಿವಿಯ ಮೇಲೆ ಪೆನ್ಸಿಲ್ ಇಲ್ಲದ ದಿನ ಇದ್ದೀತು, ಕಂಕುಳಲ್ಲಿ ರಸಮಟ್ಟ ಇಲ್ಲದ ದಿನ ಇರಲಿಲ್ಲ. ಮೊಳದುದ್ದದ ಪಟ್ಟಿ, ನಡುವೆ ಒಂದು ಗಾಜಿನ ಕೊಳವೆ, ಅದರೊಳಗೆ ಹಸಿರು ನೀರು, ನೀರಿನಲ್ಲಿ ಒಂದು ಗುಳ್ಳೆ. ಗುಳ್ಳೆ ಎರಡು ಗೆರೆಗಳ ನಡುವೆ ಬಂದು ನಿಂತರೆ ಹಲಗೆ ಮಟ್ಟವಾಗಿದೆ ಎಂದರ್ಥ. ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಅವನ ಕಿವಿ ಹಿಂಡಿ ಹೇಳಿದ್ದ: ಮನೆಗಳ ನೆಲ ಎಂದೂ ಸರಿಯಾಗಿರುವುದಿಲ್ಲ, ಗೋಡೆ ಅದಕ್ಕಿಂತ ಕಡೆ, ಮನೆಯವರ ಕಣ್ಣಿನ ಸುದ್ದಿಯಂತೂ ಬೇಡವೇ ಬೇಡ, ಗುಳ್ಳೆ ಹೇಳಿದ್ದನ್ನಷ್ಟೇ ಕೇಳು. ಅವನು ಕೇಳುತ್ತಾ ಬಂದ. ಮದುವೆಯ ಮಾತು ಬಂದಾಗಲೂ ಗುಳ್ಳೆಯನ್ನೇ ಕೇಳಿರಬೇಕು, ಅದು ನಡುವಿಗೆ ಬರಲಿಲ್ಲ, ಇವನು ಹಾಗೇ ಉಳಿದ ಎಂದು ಅವನ ಅಕ್ಕ ಛೇಡಿಸುತ್ತಿದ್ದಳು.

ಅಕ್ಕನಿಗೆ ಛೇಡಿಸುವ ಹಕ್ಕಿತ್ತು. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನಾರು. ಅಂದಿನಿಂದ ಅವನ ಹೊಟ್ಟೆ ಬಟ್ಟೆ ಜ್ವರ ಎಲ್ಲ ಅವಳ ಪಾಲಿಗೆ ಬಂತು. ಇಷ್ಟು ವರ್ಷಗಳಲ್ಲಿ ತಮ್ಮನ ಹತ್ತಿರ ತನಗೆಂದು ಒಂದು ಮಣೆಯನ್ನೂ ಮಾಡಿಸಿಕೊಂಡವಳಲ್ಲ. ಅಂಥವಳು ಈಗ ಬಾಯಿಬಿಟ್ಟು ಕೇಳಿದ್ದು ಒಂದು ಹಳೇ ಸ್ಕೂಲ್ ಬಸ್ಸನ್ನು ಮನೆ ಮಾಡಿಕೊಡು ಎಂದು.

ಬಸ್ಸೂ ಹೊರಗಿನದಲ್ಲ. ಭಾವ ಅದನ್ನು ಹತ್ತೊಂಬತ್ತು ವರ್ಷ ಓಡಿಸಿದ್ದ, ಅಕ್ಕ ಅದರಲ್ಲೇ ಆಯಾ ಆಗಿದ್ದಳು. ಓಡುವ ಬಸ್ಸಿನ ನಡುದಾರಿಯಲ್ಲಿ ಕಂಬಿ ಹಿಡಿಯದೆ ನಿಂತು, ಒಂದು ಕೈಯಲ್ಲಿ ಯಾರದೋ ನೀರಿನ ಬಾಟಲಿ, ಇನ್ನೊಂದರಲ್ಲಿ ಯಾರದೋ ಶೂ ಹಿಡಿದು, ನಲವತ್ತೆರಡು ತಲೆ ಎಣಿಸುತ್ತಿದ್ದಳು. ಹೋದ ವರ್ಷ ಅದೇ ನಡುದಾರಿಯಲ್ಲಿ ಯಾರದೋ ಶೂ ಎತ್ತಲು ಬಗ್ಗಿದವಳು ತಲೆ ತಿರುಗಿ ಬಿದ್ದಳು. ಕಿವಿಯೊಳಗಿನ ತೊಂದರೆ ಎಂದರು ಡಾಕ್ಟರು. ನೆಟ್ಟಗೆ ನಿಂತಾಗ ಏನೂ ಇಲ್ಲ, ಬಗ್ಗಿದರೆ, ಮಲಗಿದರೆ ಮಾತ್ರ ಲೋಕ ಒಂದು ಕಡೆಗೆ ಜಾರಿಹೋಗುತ್ತದೆ. ಸ್ಕೂಲಿನವರು ಬಹಳ ಮರ್ಯಾದೆಯಿಂದ ಅವಳನ್ನು ಮನೆಗೆ ಕಳಿಸಿದರು. ಅದೇ ವರ್ಷ ಭಾವನಿಗೂ ವಯಸ್ಸಾಯಿತು, ಬಸ್ಸಿಗೂ ವಯಸ್ಸಾಯಿತು. ಸ್ಕೂಲಿನವರು ಬಸ್ಸು ಮಾರಲು ಹೊರಟಾಗ ಭಾವ ಹಿಂದೆಮುಂದೆ ನೋಡದೆ ತಾನೇ ಕೊಂಡುಕೊಂಡ.

ಆಸೆ ಅಕ್ಕನದು. ಹತ್ತೊಂಬತ್ತು ವರ್ಷ ಕೊನೆಯ ಸ್ಟಾಪಿನಲ್ಲಿ ಬಸ್ಸು ತಿರುಗಿಸಿಕೊಂಡು ಬಂದದ್ದಾಯಿತು, ಆ ರಸ್ತೆ ಅಲ್ಲಿಂದಾಚೆ ಎಲ್ಲಿಗೆ ಹೋಗುತ್ತದೋ ಒಮ್ಮೆ ನೋಡಬೇಕು ಎನ್ನುತ್ತಿದ್ದಳು. ಮಾತ್ರೆ, ಕತ್ತಿನ ವ್ಯಾಯಾಮ ಎಲ್ಲ ಸೇರಿ ನಾಲ್ಕು ತಿಂಗಳಿಂದ ತಲೆತಿರುಗು ಬಂದಿರಲಿಲ್ಲ. ಹೋಗಿಬನ್ನಿ, ಆದರೆ ಮತ್ತೆ ಕಾಣಿಸಿಕೊಂಡರೆ ದೂರದ ಪ್ರಯಾಣ ಮರೆತುಬಿಡಿ ಎಂದಿದ್ದರು ಡಾಕ್ಟರು. ಹಾಗಾಗಿ ಅಕ್ಕ ಒಂದು ಕಣ್ಣು ತನ್ನ ತಲೆಯ ಮೇಲೇ ಇಟ್ಟುಕೊಂಡು ಓಡಾಡುತ್ತಿದ್ದಳು.

ಬಸ್ಸು ಬಂದು ಮೂವರೂ ಇದ್ದ ಮನೆಯ ಮುಂದಿನ ಅಂಗಳದಲ್ಲಿ ನಿಂತಿತು. ಸೀಟುಗಳನ್ನೆಲ್ಲ ಬಿಚ್ಚಿಹಾಕಿ ಒಳಗೆ ಕಾಲಿಟ್ಟ ಗುಳ್ಳೆ ಮೇಸ್ತ್ರಿ ಅರ್ಧ ಗಂಟೆ ಸುಮ್ಮನೆ ನಿಂತ. ಜೀವಮಾನವಿಡೀ ಮನೆಗಳಲ್ಲಿ ಕಪಾಟು ಮಾಡಿದವನಿಗೆ ಬಸ್ಸೆಂದರೆ ತಲೆ ಕೆಡಿಸುವ ವಸ್ತು. ಗೋಡೆ ಮೇಲಕ್ಕೆ ಹೋಗುತ್ತಾ ಒಳಗೆ ಬಾಗುತ್ತದೆ, ಚಾವಣಿ ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ, ಮೂಲೆ ಎಂಬುದೇ ಇಲ್ಲ. ಗುಳ್ಳೆ ಇಟ್ಟು ನೋಡಿದರೆ ನೆಲವೂ ಬಾಗಿಲ ಕಡೆಗೆ, ಎಂದರೆ ಡ್ರೈವರ್ ಕೂರುವ ಪಕ್ಕದ ಎದುರು ಪಕ್ಕಕ್ಕೆ, ಎರಡು ಬೆರಳು ಇಳಿದಿತ್ತು. ಹತ್ತೊಂಬತ್ತು ವರ್ಷ ಮಕ್ಕಳೆಲ್ಲ ಆ ಬಾಗಿಲಿಂದಲೇ ಧಡಧಡ ಹತ್ತಿ ಇಳಿದು ಒಂದು ಪಕ್ಕ ಕುಸಿದಿದೆ ಎಂದು ಅವನು ತೀರ್ಮಾನಿಸಿದ. ಕುಸಿದ ನೆಲಕ್ಕೆ ಏನು ಮಾಡಬೇಕೆಂಬುದು ಗೊತ್ತಿದ್ದ ವಿದ್ಯೆಯೇ. ಅಡ್ಡಡ್ಡಕ್ಕೆ ಕೂರಿಸಿದ ಮಂಚಕ್ಕೂ ಅಡಿಗೆ ಕಟ್ಟೆಗೂ ಬಾಗಿಲ ಕಡೆಯ ಕಾಲುಗಳ ಕೆಳಗೆ ಒಂದರ ಮೇಲೊಂದು ನಾಲ್ಕು ನಾಲ್ಕು ತೆಳು ಮರದ ಚಕ್ಕೆ ಕೊಟ್ಟು ಎತ್ತರಿಸಿ, ಗುಳ್ಳೆಯನ್ನು ನಡುವಿಗೆ ತಂದು, ಸ್ಕ್ರೂ ಬಿಗಿದ.

ಕೆಲಸ ಮುಗಿದ ಮೇಲೆ ಏನೋ ಸರಿಯಿಲ್ಲ ಎಂದು ಅವನಿಗೇ ಅನಿಸಿತು. ಕಟ್ಟೆಯ ಅಂಚು ಒಂದು ದಾರಿ ಹಿಡಿದಿತ್ತು, ಹಿಂದಿನ ದೊಡ್ಡ ಗಾಜಿನ ಚೌಕಟ್ಟು ಇನ್ನೊಂದು ದಾರಿ. ಹತ್ತಿರ ಹೋಗಿ ನೋಡಿದ, ದೂರ ನಿಂತು ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಕಿಟಕಿ ವಾರೆಯೋ ಕಟ್ಟೆ ವಾರೆಯೋ ಬಗೆಹರಿಯಲಿಲ್ಲ. ಭಾವನನ್ನು ಕರೆದು ಕೇಳಿದರೆ, ತನ್ನ ಡ್ರೈವರ್ ಸೀಟಂತೂ ಮೊದಲಿನ ಹಾಗೇ ಇದೆ ಎಂದು ಅವನು ಸ್ಟೇರಿಂಗ್ ಒರೆಸುತ್ತಾ ಕೂತ. ಕೊನೆಗೆ ಗುಳ್ಳೆಯ ಮಾತೇ ಗೆದ್ದಿತು, ಕಿಟಕಿಗಳೂ ನೆಲದ ಜೊತೆ ಕುಸಿದ ಲೆಕ್ಕಕ್ಕೆ ಸೇರಿದವು. ಅಕ್ಕ ಅಂಗಳದಲ್ಲೇ ಬಸ್ಸು ಹತ್ತಿ ಹೊಸ ಮಂಚದ ಮೇಲೆ ಮಲಗಿದಳು. ಏನೂ ಜಾರಲಿಲ್ಲ. ಮಧ್ಯಾಹ್ನವೆಲ್ಲ ಅಲ್ಲೇ ನಿದ್ದೆ ಮಾಡಿ, ಮನೆಯ ಮಂಚಕ್ಕಿಂತ ಇದೇ ವಾಸಿ ಎಂದು ಎದ್ದುಬಂದಳು.

ಮುಂದಿನ ಭಾನುವಾರ ಮೂವರೂ ಬಸ್ಸನ್ನು ಮೊದಲ ಸಲ ಹೊರಗೆ ತೆಗೆದರು. ಊರಾಚೆ ಒಂದು ಗೋದಾಮು, ಅದರ ಮುಂದೆ ಲಾರಿಗಳು ತಿರುಗಲೆಂದು ಹಾಕಿದ ವಿಶಾಲವಾದ ಸಿಮೆಂಟ್ ನೆಲ. ರಜಾ ದಿನ, ನರಪಿಳ್ಳೆಯೂ ಇಲ್ಲ. ಭಾವ ಅಲ್ಲಿ ಬಸ್ಸು ನಿಲ್ಲಿಸಿದ, ಟೀ ಕುಡಿದರು, ಅಕ್ಕ ಸೆರಗು ಸರಿಮಾಡಿಕೊಂಡು ಮಂಚದ ಮೇಲೆ ಕಾಲು ಚಾಚಿದಳು. ಎರಡು ನಿಮಿಷವಾಗಿರಲಿಲ್ಲ, ಎದ್ದು ಕೂತು ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು.

"ಲೋ, ಇದು ಡ್ರೈವರ್ ಕಡೆಗೆ ಜಾರ್ತಾ ಇದ್ಯಾ?"

ಭಾವನ ಮುಖ ಇಳಿದುಹೋಯಿತು. ಒಂದು ವರ್ಷದಿಂದ ಈ ಮಾತಿಗೆ ಹೆದರಿಕೊಂಡೇ ಬಂದವನು ಅವನು. ಕಣ್ಣು ಮುಚ್ಚಿಕೋ, ಉಸಿರು ಎಳೆದುಕೋ ಎಂದು ಡಾಕ್ಟರು ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಸತೊಡಗಿದ. ಅಕ್ಕ ಅವನ ಕಡೆ ನೋಡಲಿಲ್ಲ, ತಮ್ಮನ ಬಾಯಿಯನ್ನೇ ನೋಡುತ್ತಿದ್ದಳು.

"ಒಂದೊಂದು ಹಲಗೆಗೂ ಗುಳ್ಳೆ ಇಟ್ಟು ನೋಡಿದ್ದೀನಿ ಅಕ್ಕ," ಎಂದ ಗುಳ್ಳೆ ಮೇಸ್ತ್ರಿ. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

"ಹಾಗಾದ್ರೆ ನಂದೇ," ಎಂದಳು ಅಕ್ಕ.

ರಸಮಟ್ಟ ಕಾಲಿನ ಹತ್ತಿರವೇ ಚೀಲದಲ್ಲಿತ್ತು. ತೆಗೆಯಬೇಕೆಂದು ಅವನಿಗೆ ತೋಚಲೇ ಇಲ್ಲ. ತಾನು ಒಮ್ಮೆ ಮಟ್ಟ ಹಿಡಿದದ್ದನ್ನು ಎರಡನೇ ಸಲ ನೋಡುವ ಅಭ್ಯಾಸ ಅವನಿಗಿರಲಿಲ್ಲ, ಮೂವತ್ತು ವರ್ಷದ ಹೆಸರಿನ ಜಂಬವೂ ಸ್ವಲ್ಪ ಇತ್ತು.

ಮನೆಗೆ ಬಂದು, ಬಸ್ಸನ್ನು ಮೊದಲಿನ ಜಾಗದಲ್ಲೇ ನಿಲ್ಲಿಸಿದ ಮೇಲೆ ಮಾತ್ರ ಮನಸ್ಸು ಕೇಳಲಿಲ್ಲ. ಅಕ್ಕನ ಎದುರಿಗೇ ಮಂಚದ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ನೆಟ್ಟಗೆ ನಡುವೆ ಬಂದು ಕೂತಿತು. ಅಕ್ಕ ಮಲಗಿ ನೋಡಿದಳು, ಈಗ ಏನೂ ಜಾರುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ಮೂವರೂ ಒಂದೇ ಅರ್ಥ ಮಾಡಿಕೊಂಡರು.

"ಮನೇಲಿದ್ರೆ ಸರಿ ಇರ್ತೀನಿ, ಹೊರಗೆ ಹೋದ್ರೆ ಕೆಡ್ತೀನಿ. ಗೊತ್ತಾಯ್ತಲ್ಲ," ಎಂದಳು ಅಕ್ಕ. "ನಾನು ಬರಲ್ಲ. ಬಸ್ಸು ಮಾರಿಬಿಡಿ."

ಅವಳು ಅಳಲಿಲ್ಲ, ಅದೇ ನೋಡಲು ಕಷ್ಟವಾಗಿತ್ತು. ಬಸ್ಸಿಗೆಂದು ಹೊಲಿದಿದ್ದ ಪರದೆಗಳನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಮಾರನೆಯ ದಿನದಿಂದ ಮನೆಯೊಳಗೂ ಗೋಡೆ ಹಿಡಿದು ನಡೆಯತೊಡಗಿದಳು. ಬಟ್ಟೆ ಒಣಹಾಕಲು ಮಹಡಿ ಹತ್ತುವುದನ್ನು ಬಿಟ್ಟಳು. ತಿರುಗದಿದ್ದರೂ ತಿರುಗುತ್ತಿದೆಯೇನೋ ಎಂದು ನಡುನಡುವೆ ನಿಂತು ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಗುಳ್ಳೆ ಮೇಸ್ತ್ರಿಗೆ ಊಟ ರುಚಿಸಲಿಲ್ಲ. ಅಂಗಳದಲ್ಲಿ ಬಾರದ ತಲೆತಿರುಗು ಸಿಮೆಂಟ್ ನೆಲದ ಮೇಲೆ ಯಾಕೆ ಬರಬೇಕು? ಬಸ್ಸು ಅಲ್ಲೂ ನಿಂತೇ ಇತ್ತು, ಇಲ್ಲೂ ನಿಂತೇ ಇದೆ. ಯೋಚಿಸಿದಷ್ಟೂ ಅವನ ತಲೆಯೇ ಗಿರ್ರೆನ್ನುತ್ತಿತ್ತು.

ಮಾರುವ ಮೊದಲು ಬ್ರೇಕು ತೋರಿಸೋಣವೆಂದು ವಾರದ ನಂತರ ಭಾವ ಬಸ್ಸನ್ನು ಗ್ಯಾರೇಜಿಗೆ ಒಯ್ದ. ಗುಳ್ಳೆ ಮೇಸ್ತ್ರಿಯೂ ಸುಮ್ಮನೆ ಜೊತೆಗೆ ಹೋದ. ಮೆಕ್ಯಾನಿಕ್ ಗಾಡಿಯ ಕೆಳಗೆ ನುಸುಳಿದ್ದಾಗ, ಕೈ ತೊಳೆಯೋಣವೆಂದು ಇವನು ಬಸ್ಸಿನೊಳಗೆ ಅಡಿಗೆ ಕಟ್ಟೆಗೆ ತಾನೇ ಕೂರಿಸಿದ್ದ ನಲ್ಲಿ ತಿರುಗಿಸಿದ. ಕಟ್ಟೆಯ ಮೇಲೆ ಚೆಲ್ಲಿದ ನೀರು ಸುಮ್ಮನಿರದೆ ಸರಸರನೆ ಡ್ರೈವರ್ ಕಡೆಗೆ ಹರಿದು ಕೆಳಗೆ ತೊಟ್ಟಿಕ್ಕಿತು. ರಸಮಟ್ಟ ಇಟ್ಟ. ಗುಳ್ಳೆ ಬಾಗಿಲ ಕಡೆಯ ತುದಿಗೆ ಓಡಿಹೋಗಿ ಅಂಟಿಕೊಂಡಿತು.

ಮರ ಊದಿಕೊಂಡಿತೇ? ಗಾಜಿನ ಕೊಳವೆ ಸಡಿಲವಾಯಿತೇ? ಪಟ್ಟಿಯನ್ನು ಹಿಂದುಮುಂದು ತಿರುಗಿಸಿ ಇಟ್ಟ, ಗುಳ್ಳೆ ಮತ್ತೆ ಅದೇ ತುದಿಗೆ. ಮಂಚದ ಮೇಲೂ ಹಾಗೇ. ಕೊನೆಗೆ, ಯಾಕೆಂದು ಅವನಿಗೇ ತಿಳಿಯದೆ, ಬಗ್ಗಿ ಬಸ್ಸಿನ ನೆಲದ ಮೇಲೆ ಇಟ್ಟ. ಹತ್ತೊಂಬತ್ತು ವರ್ಷ ಮಕ್ಕಳು ತುಳಿದು ಕುಸಿಯಿತೆಂದು ಅವನು ನಂಬಿದ್ದ ಆ ನೆಲದ ಮೇಲೆ ಗುಳ್ಳೆ ಹೆಚ್ಚುಕಡಿಮೆ ನಡುವೆಯೇ ಕೂತಿತು.

ಅವನ ಮುಖ ನೋಡಿ ಮೆಕ್ಯಾನಿಕ್ ಕೈಯೊರೆಸಿಕೊಳ್ಳುತ್ತಾ ಮೇಲೆ ಬಂದ. ವಿಷಯ ಕೇಳಿ, ಬಸ್ಸನ್ನು ಎಲ್ಲಿ ನಿಲ್ಲಿಸಿಕೊಂಡು ಕೆಲಸ ಮಾಡಿದಿರಿ ಎಂದು ವಿಚಾರಿಸಿದ. ಅಂಗಳದಲ್ಲಿ ಎಂದ ಗುಳ್ಳೆ ಮೇಸ್ತ್ರಿ.

"ಅಂಗಳ ಮಟ್ಟವಾಗಿದ್ಯಾ ಮೇಸ್ತ್ರಿ?"

ಅಂಗಳ ಮಟ್ಟವಾಗಿರಲಿಲ್ಲ. ನೀರು ನಿಲ್ಲದೆ ಮೋರಿಗೆ ಹರಿದುಹೋಗಲೆಂದು ಅದಕ್ಕೆ ಒಂದು ಪಕ್ಕಕ್ಕೆ ವಾಟ ಕೊಡಿಸಿದ್ದರು. ಕೊಡಿಸಿದವರು ಬೇರೆ ಯಾರೂ ಅಲ್ಲ. ಹತ್ತು ವರ್ಷದ ಹಿಂದೆ ಗಾರೆಯವನ ತಲೆಯ ಮೇಲೆ ನಿಂತು, ಇದೇ ರಸಮಟ್ಟ ಹಿಡಿದು, ಇನ್ನೊಂದು ಬೆರಳು ಇಳಿಸು ಎಂದು ಜಗಳವಾಡಿ ಇಳಿಸಿದವನು ಗುಳ್ಳೆ ಮೇಸ್ತ್ರಿಯೇ. ಆ ಇಳಿಜಾರಿನ ಮೇಲೆ ನಿಂತ ಬಸ್ಸಿನೊಳಗೆ ಅವನು ಮಂಚವನ್ನು ಭೂಮಿಗೆ ಮಟ್ಟ ಮಾಡಿದ್ದ, ಬಸ್ಸಿಗಲ್ಲ. ಬಸ್ಸು ಅಂಗಳ ಬಿಟ್ಟು ಸಮನೆಲಕ್ಕೆ ಬಂದ ಕೂಡಲೇ ಮಂಚ ಜಾರಿತ್ತು. ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಗಾಡಿಯೊಳಗೆ ಕೆಲಸ ಮಾಡುವವರು ಗಾಡಿಯ ನೆಲದಿಂದ ಅಳತೆ ಹಿಡಿಯುತ್ತಾರೆ, ಭೂಮಿ ದಿನಕ್ಕೊಂದು ಥರ ಸಿಗುತ್ತದೆ ಎಂದ. ಗುಳ್ಳೆ ಮೇಸ್ತ್ರಿಗೆ ನಿಂತ ನೆಲವೇ ಬಾಯಿಬಿಡಬಾರದೇ ಎನಿಸಿತು. ಅಕ್ಕ ಸರಿಯಾಗಿಯೇ ಹೇಳಿದ್ದಳು, ಯಾವ ಕಡೆಗೆಂಬುದನ್ನೂ ಸರಿಯಾಗಿಯೇ ಹೇಳಿದ್ದಳು.

ಭಾವ ಮಾತ್ರ ಚೇತರಿಸಿಕೊಂಡ. ವಾಪಸು ಬರುವ ದಾರಿಯುದ್ದಕ್ಕೂ ಅವನದೊಂದು ಉಪಾಯ. ಚಕ್ಕೆಗಳನ್ನು ಸದ್ದಿಲ್ಲದೆ ಕಿತ್ತುಹಾಕಿಬಿಡು. ಏನೋ ಒಂದು ನೆಪ ಹೇಳಿ ಅವಳನ್ನು ಮತ್ತೆ ಗೋದಾಮಿನ ಹತ್ತಿರ ಕರೆದುಕೊಂಡು ಹೋಗೋಣ. ಮಲಗುತ್ತಾಳೆ, ಏನೂ ಜಾರುವುದಿಲ್ಲ, ವಾಸಿಯಾಯಿತು ಎಂದುಕೊಳ್ಳುತ್ತಾಳೆ. ಅವಳಿಗೂ ಸಂತೋಷ, ನಿನ್ನ ಹೆಸರೂ ಉಳಿಯುತ್ತದೆ.

ಗುಳ್ಳೆ ಮೇಸ್ತ್ರಿ ಗೊಂದಲಕ್ಕೆ ಬಿದ್ದ. ಭಾವ ಹೇಳಿದ್ದರಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ. ಅಕ್ಕ ಹೊರಡುತ್ತಾಳೆ, ಅದೇ ತಾನೇ ಬೇಕಿದ್ದದ್ದು. ಆದರೂ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಬಸ್ಸು ಅಂಗಳಕ್ಕೆ ಬಂತು. ಒಳಗೆ ಹೋದರೆ ಅಕ್ಕ ಅಡಿಗೆಮನೆಯಿಂದ ನಡುಮನೆಗೆ ಬರುತ್ತಿದ್ದಳು. ಹತ್ತು ಹೆಜ್ಜೆಯ ದಾರಿ, ಅಂಗೈಯನ್ನು ಗೋಡೆಗೆ ಒತ್ತಿಕೊಂಡು, ಕಣ್ಣನ್ನು ಪಾದದ ಮೇಲಿಟ್ಟು ಬರುತ್ತಿದ್ದಳು. ಅದನ್ನು ನೋಡಿದವನೇ ಅವನು ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ. ಅಂಗಳದ ವಾಟ, ಚಕ್ಕೆ, ಗ್ಯಾರೇಜಿನಲ್ಲಿ ಹರಿದ ನೀರು, ಭಾವನ ಉಪಾಯವನ್ನೂ ಬಿಡಲಿಲ್ಲ. ಹಿಂದಿನಿಂದ ಭಾವ ಕೆಮ್ಮಿದ.

ಅಕ್ಕ ಗೋಡೆ ಬಿಡದೆ ಕೇಳಿಸಿಕೊಂಡಳು. "ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದ.

"ಆವತ್ತು ಜಾರಿದ್ದು ಮಂಚಾನೇ?"

"ಮಂಚಾನೇ ಅಕ್ಕ."

"ಯಾವ ಕಡೆಗೆ?"

"ಡ್ರೈವರ್ ಕಡೆಗೆ."

"ನಾನು ಯಾವ ಕಡೆ ಅಂದಿದ್ದೆ?"

"ಡ್ರೈವರ್ ಕಡೆ ಅಂತಾನೇ ಅಂದಿದ್ದೆ."

ಆಗ ಅವಳಿಗೆ ಅಳು ಬಂತು. ವಾರದಿಂದ ತಡೆದಿದ್ದೆಲ್ಲ ಒಟ್ಟಿಗೆ ಬಂತು. ಗೋಡೆಯ ಮೇಲಿದ್ದ ಕೈ ತೆಗೆದು ಕಣ್ಣೊರೆಸಿಕೊಂಡಳು. ಆಮೇಲೆ ಕೋಪವೂ ಬಂತು.

"ನಿನ್ನ ಎತ್ತಿ ಆಡಿಸಿದೋಳು ನಾನು ಕಣೋ. ನಾನು ಜಾರ್ತಾ ಇದೆ ಅಂದಾಗ ಒಂದ್ಸಲ ನನ್ನ ಮಾತು ನಂಬೋಕೆ ಏನಾಗಿತ್ತು ನಿಂಗೆ?"

ಗಂಡನ ಕಡೆ ತಿರುಗಿ ಅವನಿಗೂ ನಾಲ್ಕು ಮಾತು ಆಡಿದಳು. ಒಂದು ವರ್ಷದಿಂದ ತಾನು ಏನು ಹೇಳಿದರೂ ತಲೆಯದೇ ತಪ್ಪು ಎಂದದ್ದು ಸಾಕು, ಈಗ ಸುಳ್ಳು ವಾಸಿಯನ್ನೂ ಕೊಡಲು ಹೊರಟಿರಾ ಎಂದಳು. ಭಾವ ತಲೆ ತಗ್ಗಿಸಿದ. ಬಯ್ದು ಮುಗಿದ ಮೇಲೆ, ಚಕ್ಕೆಗೆ ಯಾರೂ ಕೈ ಹಚ್ಚಬೇಡಿ, ಬಸ್ಸು ತೆಗೆಯಿರಿ, ನಾನೂ ಬರುತ್ತೇನೆ ಎಂದಳು.

ಗೋದಾಮಿನ ಸಿಮೆಂಟ್ ನೆಲದ ಮೇಲೆ ಬಸ್ಸು ನಿಂತಿತು. ಅಕ್ಕ ವಾರೆ ಮಂಚದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಜಾರುತ್ತಿದೆ ಎಂದಳು, ಅಷ್ಟು ಖುಷಿಯಿಂದ ಆ ಮಾತನ್ನು ಹೇಳಿದ್ದನ್ನು ಅವರಿಬ್ಬರೂ ಕೇಳಿರಲಿಲ್ಲ. ಏಳುವುದಿಲ್ಲ, ಹೀಗೇ ಮಲಗಿರುತ್ತೇನೆ, ನೀನು ಒಂದೊಂದಾಗಿ ತೆಗೆ ಎಂದು ಅಪ್ಪಣೆಯಾಯಿತು. ಗುಳ್ಳೆ ಮೇಸ್ತ್ರಿ ಮಂಡಿಯೂರಿ ಕೂತು ಸ್ಕ್ರೂ ಸಡಿಲಿಸಿದ. ಭಾವ ಮಂಚವನ್ನು ಹೆಗಲು ಕೊಟ್ಟು ಎತ್ತಿ ಹಿಡಿದ. ಎರಡೂ ಕಾಲುಗಳಿಂದ ಮೊದಲ ಚಕ್ಕೆ ಬಂತು. ಇನ್ನೂ ಇದೆ ಎಂದಳು. ಎರಡನೆಯದು ಬಂತು. ಕಡಿಮೆಯಾಗಿದೆ, ಹೋಗಿಲ್ಲ ಎಂದಳು. ಮೂರನೆಯದನ್ನು ತೆಗೆದು ಮಂಚ ಇಳಿಸಿದಾಗ ತಲೆಯನ್ನು ಅತ್ತಿತ್ತ ಹೊರಳಿಸಿ ನೋಡಿದಳು.

"ಸಾಕು."

ಅವನ ಲೆಕ್ಕಕ್ಕೆ ನಾಲ್ಕೂ ಬರಬೇಕಿತ್ತು. ನೆಲ ನಿಜವಾಗಿಯೂ ಒಂದು ಚಕ್ಕೆಯಷ್ಟು ಕುಸಿದಿತ್ತೋ, ಅಕ್ಕನ ಕಿವಿಯಲ್ಲಿ ಒಂದು ಚಕ್ಕೆಯಷ್ಟು ಕಾಯಿಲೆ ಉಳಿದಿತ್ತೋ, ಅವನಿಗೆ ಗೊತ್ತಾಗಲಿಲ್ಲ. ರಸಮಟ್ಟವಿದ್ದ ಚೀಲದ ಕಡೆಗೆ ಕೈ ಹೋಯಿತು, ಅರ್ಧಕ್ಕೇ ನಿಂತಿತು. ಅಕ್ಕ ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು. ಅವನು ಸ್ಕ್ರೂಡ್ರೈವರ್ ತೆಗೆದುಕೊಂಡು, ನಾಲ್ಕನೆಯ ಚಕ್ಕೆಯನ್ನು ಅಲ್ಲೇ ಬಿಟ್ಟು, ಸ್ಕ್ರೂ ಬಿಗಿದ.